ಔರಾದದಲ್ಲಿ ಬಿಟ್ಟ ಹೆಜ್ಜೆ

೩ ಮಾರ್ಚ್ ೨೦೨೫, ಸೋಮವಾರ. ಬೀದರ

ಮೂವತ್ತಾರು ವರ್ಷ ಕನ್ನಡ ಕಲಿಸಿ, ಹನ್ನೆರಡು ವರ್ಷ ಸುಮ್ಮನೆ ಕುಳಿತ ಮೇಲೆ, ಇಂದು ನನಗೊಂದು ಕೆಲಸ ಒದಗಿದೆ. ಕೊಟ್ಟವಳು ಮಗಳ ಮಗಳು ವಿಶಾಖಾ.

ಅವಳು ದುಡಿಯುವ ದತ್ತಿಸಂಸ್ಥೆಯಲ್ಲಿ ಮೂರು ವಾಹನಗಳಿದ್ದವು. ಒಂದು ಸಕ್ಕರೆ ಕಾಯಿಲೆಯವರಿಗೆ ಔಷಧ ಮುಟ್ಟಿಸುತ್ತಿತ್ತು, ಇನ್ನೊಂದು ಹಳ್ಳಿಗಳಿಂದ ರಕ್ತದ ಮಾದರಿ ತರುತ್ತಿತ್ತು, ಮೂರನೆಯದು ಕಣ್ಣಿನ ಪೊರೆಯವರನ್ನು ಬೀದರಕ್ಕೆ ಕರೆತರುತ್ತಿತ್ತು. ಎರಡು ವಾಹನಗಳು ಮುಪ್ಪಾಗಿ ರಸ್ತೆಗಿಳಿಯುವ ಅನುಮತಿ ಕಳೆದುಕೊಂಡಿವೆ. ಉಳಿದ ಒಂದರಲ್ಲಿಯೇ ಮೂರೂ ಕೆಲಸ ಸಾಗಬೇಕು. ಅದಕ್ಕಾಗಿ ವಿಶಾಖಾ ಗಣಕಯಂತ್ರಕ್ಕೊಂದು ಕ್ರಮವಿಧಿ ರಚಿಸಿದ್ದಾಳೆ. ಮೂರು ಯೋಜನೆಗಳನ್ನು ಉಣಿಸಿದರೆ ಅದು ಅವನ್ನು ಬೆಸೆದು ಒಂದು ಮಾಡುತ್ತದಂತೆ.

"ಮುತ್ಯಾ, ಮೂರು ಮನ್ಯಾಗ ಮೂರು ಒಲಿ ಉರೀಲಿಕತ್ತಾವ ಅನ್ಕೋ. ಮೂರೂ ಕಡಿ ನೀರು ಕಾಸೂದು ಅದ. ಒಂದ ಒಲಿ ಮ್ಯಾಲ ಒಮ್ಮೆ ಕಾಸಿದ್ರ ಸಾಕಲ್ಲ? ಅಂಥಾವನ್ನ ಹುಡುಕಿ ಕೂಡಸ್ತದ. ಆದ್ರ ಒಬ್ಬರ ಅಡಗಿ ಇನ್ನೊಬ್ಬರದ್ದು ಕೆಡಿಸಬಾರದು, ಅದನ್ನೂ ನೋಡ್ತದ."

"ಕೂಡಿಸುತ್ತದೆ," ಎಂದು ತಿದ್ದಿದೆ.

ಯಂತ್ರಕ್ಕೆ ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳಬೇಕು: ಹೆಜ್ಜೆ ಯಾವುದು, ಅದಕ್ಕೆ ಮೊದಲು ಏನಿರಬೇಕು, ಅದರಿಂದ ಏನಾಗುತ್ತದೆ. ಆ ಹೆಜ್ಜೆಗಳಾದರೋ ಎಲ್ಲಿಯೂ ಬರಹದಲ್ಲಿಲ್ಲ, ಚಾಲಕರ ಬಾಯಲ್ಲಿವೆ. ಅವನ್ನು ನಿಷ್ಕೃಷ್ಟವಾದ ಭಾಷೆಗೆ ಇಳಿಸುವವರು ಬೇಕು.

ನಾನು ಒಪ್ಪಲು ಇನ್ನೊಂದು ಕಾರಣವಿದೆ. ಚಿಂತಾಕಿಯಲ್ಲಿ ಮಗ ಸೊಸೆಯರೊಡನಿರುವ ನನ್ನ ಅಕ್ಕ ಸುಭದ್ರಾಬಾಯಿಗೆ ಮಧುಮೇಹದ ಚುಚ್ಚುಮದ್ದು ಬರುವುದು ಇದೇ ವಾಹನದಲ್ಲಿ, ಪ್ರತಿ ಮಂಗಳವಾರ. ಅವಳಿಗೆ ಎಪ್ಪತ್ತೊಂಬತ್ತು. ಮದ್ದು ತಪ್ಪಬಾರದು, ತಂಪು ಕೆಡದೆ ಮುಟ್ಟಬೇಕು. ಉಳಿದುದೆಲ್ಲ ಅದರ ಮುಂದೆ ಗೌಣ.

೬ ಮಾರ್ಚ್, ಗುರುವಾರ

ಔಷಧದ ವಾಹನದ ಚಾಲಕ ಗೌಸೋದ್ದೀನ ಬಂದಿದ್ದ. ಇನ್ನು ಮುಂದೆ ಉಳಿಯುವ ಒಂದೇ ವಾಹನವನ್ನು ನಡೆಸುವವನೂ ಅವನೇ. ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ಗಡ್ಡ ನೆರೆತಿದೆ, ಆದರೂ ಕುರ್ಚಿಯ ಅಂಚಿನಲ್ಲಿಯೇ ಕುಳಿತ.

ಅವನ ಮಾತು ಗೋಧಿಯೂ ಕಲ್ಲೂ ಬೆರೆತ ಮೊರದಂತೆ. ಕೇರಿ ಕೇರಿ ಬರೆದುಕೊಳ್ಳಬೇಕಾಯಿತು. ಬೀದರದಿಂದ ಕಮಠಾಣ, ಅಲ್ಲಿಂದ ಹಿಂದಿರುಗಿ ಔರಾದ, ಆಮೇಲೆ ಚಿಂತಾಕಿ.

"ಔರಾದದಾಗ ಮರಿಯಮಬೀ ಹತ್ರ ಅರ್ಧ ತಾಸು ನಿಂದರ್ತೇನ್ರಿ."

"ಏತಕ್ಕೆ?"

"ಚಾ ಕುಡೀಲಿಕ್ಕರಿ."

ಲೇಖನಿಯನ್ನು ಕೆಳಗಿಟ್ಟೆ. ರೋಗಿಗಳು ಕಾಯುತ್ತಿರುವಾಗ ಅರ್ಧ ತಾಸಿನ ಚಹಾಪಾನ! ಅವನಿಗೆ ನನ್ನ ಮುಖ ಅರ್ಥವಾಗಿರಬೇಕು.

"ಚಾ ಅಂದ್ರ ಬರೇ ಚಾ ಅಲ್ರಿ ಮಾಸ್ತರ್ರೀ, ಅಲ್ಲೇನಿರ್ತದಂದ್ರ..."

ಕೈಯೆತ್ತಿ ತಡೆದೆ. ತಡವಾಗಿ ಬಂದ ಮಕ್ಕಳ ನೆಪಗಳನ್ನು ಮೂವತ್ತಾರು ವರ್ಷ ಕೇಳಿದ್ದೇನೆ, ಅವುಗಳ ಮೊದಲ ನಾಲ್ಕು ಪದಗಳೇ ಸಾಕು.

ಅವನು ನಕ್ಕ. "ಏಳನೇತ್ತಾದಾಗೂ ನೀವು ಹಿಂಗೇ ಕೈ ಎತ್ತತಿದ್ರಿ. ಆವಾಗಿಂದ ನಂದು ಬಾಯಿ ಬಂದ್."

ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತ. ಚಪ್ಪಲಿ ಹುಡುಕುತ್ತಿದ್ದನೆಂದು ತೋರುತ್ತದೆ.

೧೨ ಮಾರ್ಚ್, ಬುಧವಾರ

ಮುಗಿಯಿತು. ಮೂರು ಯೋಜನೆಗಳು ಸೇರಿ ನಲವತ್ತೊಂದು ಹೆಜ್ಜೆಗಳು. ಒಂದೊಂದಕ್ಕೂ ಪೂರ್ವಾಪೇಕ್ಷೆ, ಫಲ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಕೊನೆಯಲ್ಲಿ ನಾನೇ ಒಂದು ವಾಕ್ಯ ಸೇರಿಸಿದೆ: "ಮೇಲೆ ಸೂಚಿಸಿದ ಸ್ಥಳಗಳ ಹೊರತು ವಾಹನವು ಬೇರೆಲ್ಲಿಯೂ ನಿಲ್ಲತಕ್ಕದ್ದಲ್ಲ."

"ಮುತ್ಯಾ, ಇದನ್ನ ಯಂತ್ರ ಕೇಳಿಲ್ಲ," ಎಂದಳು ವಿಶಾಖಾ.

"ಓದುವವರು ಮನುಷ್ಯರು. ಅವರಿಗೆ ಬೇಕು."

"ಗೌಸ್ ಚಾಚಾ ಹೇಳಿದ್ದೆಲ್ಲಾ ಬಂತಲ್ಲ?"

"ಹೇಳಬೇಕಾದದ್ದೆಲ್ಲ ಬಂದಿದೆ."

೨೫ ಮಾರ್ಚ್, ಮಂಗಳವಾರ

ಬೆಸೆದ ಯೋಜನೆಯ ಮೊದಲ ಓಟ. ಬೆಳಗ್ಗೆ ಎಂಟಕ್ಕೆ ಹೊರಟು ಭಾಲ್ಕಿ, ಭಾತಂಬ್ರಾ, ಅಲ್ಲಿಂದ ಔರಾದ, ಚಿಂತಾಕಿ, ಮರಳಿ ಬೀದರ. ಕಮಠಾಣಕ್ಕೆ ಬೇರೆ ದಿನ. ಮೂರು ವಾಹನಗಳು ಮಾಡುತ್ತಿದ್ದುದನ್ನು ಒಂದು ಮಾಡಿ ಮುಗಿಸಿತು. ಔಷಧಕ್ಕೊಂದು, ರಕ್ತದ ಮಾದರಿಗೊಂದು ಎಂದು ಎರಡು ತಂಪುಪೆಟ್ಟಿಗೆಗಳಿದ್ದವು. ಎರಡಕ್ಕೂ ಬೇಕಾದದ್ದು ತಂಪು ತಾನೆ? ಯಂತ್ರ ಅದನ್ನು ಗುರುತಿಸಿ ಎರಡು ಅಂಕಣಗಳ ಒಂದೇ ಪೆಟ್ಟಿಗೆ ಸಾಕೆಂದಿತು. ಸಂಧಿಕಾರ್ಯದಷ್ಟು ಸುಂದರ.

ಚಿಂತಾಕಿಗೆ ಮೊದಲು ಎರಡು ಗಂಟೆಗೆ ಮುಟ್ಟುತ್ತಿದ್ದುದು ಈಗ ನಾಲ್ಕಾಗುತ್ತದೆ. ಚಿಂತೆಯಿಲ್ಲ. ಪೆಟ್ಟಿಗೆಯ ತಂಪು ಹತ್ತು ತಾಸು ಉಳಿಯುತ್ತದೆಂದು ಅದರ ಮೇಲೆಯೇ ಅಚ್ಚಾಗಿದೆ.

ಅಕ್ಕ ದೂರವಾಣಿಯಲ್ಲಿ ಕೂಗಿದಳು. "ಏನೋ ಕಾಶ್ಯಾ, ನಿನ್ನ ಗಾಡಿ ಈಗ ಬಂತ ನೋಡು. ಗೌಸ್ಯಾ ಕುಂಡ್ರಲೂ ಇಲ್ಲ, ನೀರೂ ಕುಡೀಲಿಲ್ಲ. ಪೊಲೀಸ್ರು ಬೆನ್ನ ಹತ್ಯಾರೇನು ಅಂವಗ?"

ಶಿಸ್ತು ಎಂದೆ.

೮ ಏಪ್ರಿಲ್, ಮಂಗಳವಾರ

ಬಿಸಿಲು ನಲವತ್ತು ದಾಟಿದೆ. ಸಂಸ್ಥೆಯ ಕಾರ್ಯದರ್ಶಿ ಹಣಮಂತಪ್ಪನವರು ಬೆಳಗ್ಗೆಯೇ ಕಚೇರಿಗೆ ಕರೆಸಿ ಶಾಲು ಹೊದಿಸಿದರು. "ನಿಮ್ಮ ಬರವಣಿಗಿ ಅಂದ್ರ ಬಂಗಾರದ ತಕ್ಕಡಿ ಮಾಸ್ತರ್ರೀ" ಎಂದರು. ಈ ಬಿಸಿಲಿನಲ್ಲಿ ಶಾಲು! ಆದರೂ ಹೊದ್ದುಕೊಂಡೇ ಹೊರಬಂದೆ.

ದ್ವಾರದಲ್ಲಿ ಗೌಸೋದ್ದೀನ ಹೊರಡಲು ಅಣಿಯಾಗಿದ್ದ. "ಬಿಸಲು ಭಾಳ ಅದರಿ ಮಾಸ್ತರ್ರೀ. ಪೆಟ್ಟಿಗಿ ಸಲುವಾಗಿ ಒಂದು ಮಾತು..."

"ಕಾಗದದಲ್ಲಿರುವಂತೆ ನಡೆ. ಎಲ್ಲವೂ ಅದರಲ್ಲಿದೆ."

"ಹೌದ್ರಿ," ಎಂದ.

೧೪ ಏಪ್ರಿಲ್, ಸೋಮವಾರ

ಜಯಂತಿ. ಅಕ್ಕ ಪ್ರತಿ ವರ್ಷ ಬಿಳಿ ಸೀರೆಯುಟ್ಟು ಬೀದರದ ಮೆರವಣಿಗೆಗೆ ಬರುತ್ತಿದ್ದವಳು ಈ ಸಲ ಬರಲಿಲ್ಲ. ಬುದ್ಧವಂದನೆ ಮುಗಿದ ಮೇಲೆ ಮಾತನಾಡಿಸಿದೆ. ದನಿ ಒಣಗಿತ್ತು.

"ನೀರಡಿಕಿ ಭಾಳ ಆಗ್ಲಿಕತ್ತದ ಕಾಶ್ಯಾ. ಕೊಡ ಕುಡದ್ರೂ ತೀರವಲ್ದು. ಕಾಲಾಗಿನ ಗಾಯ ಬ್ಯಾರೆ ಮಾಯವಲ್ದು."

"ಬೇಸಿಗೆಯಲ್ಲವೇ," ಎಂದೆ. "ಚುಚ್ಚುಮದ್ದು ತಪ್ಪಿಸಿಲ್ಲ ತಾನೆ?"

"ಒಂದ ದಿನಾನೂ ಇಲ್ಲ."

ಮದ್ದು ಸರಿಯಾಗಿ ನಡೆದಿರುವಾಗ ಅಂಜಿಕೆಗೆ ಕಾರಣವಿಲ್ಲ.

೧೮ ಏಪ್ರಿಲ್, ಶುಕ್ರವಾರ

ಅಕ್ಕನನ್ನು ಬೆಳಗ್ಗೆ ಬೀದರದ ಆಸ್ಪತ್ರೆಗೆ ತಂದರು. ಮಾತಿಲ್ಲ. ಉಸಿರು ಆಳವಾಗಿ, ಅವಸರವಾಗಿ ಬರುತ್ತಿದೆ.

೧೯ ಏಪ್ರಿಲ್

ಹಾಗೆಯೇ ಇದ್ದಾಳೆ.

೨೧ ಏಪ್ರಿಲ್, ಸೋಮವಾರ

ಮಧ್ಯಾಹ್ನ ಕಣ್ಣು ತೆರೆದಳು. ಆದರೆ ಎಡಗಾಲಿನ ಗಾಯ ಕೊಳೆತಿದೆ. ಎರಡು ಬೆರಳು ತೆಗೆಯಬೇಕೆಂದರು. ನನ್ನ ಸಹಿಯನ್ನೂ ಕೇಳಿದರು. ಸಹಿ ಮಾಡಿದೆ.

ವೈದ್ಯರು ಮನೆಯಿಂದ ತರಿಸಿದ ಮದ್ದಿನ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ತಿಳಿಯಾಗಿರಬೇಕಾದದ್ದರಲ್ಲಿ ಎಳೆಗಳು ತೇಲುತ್ತಿದ್ದವು. "ಕಾವಿಗೆ ಕೆಟ್ಟಿದೆ. ಇವರು ತಿಂಗಳಿಂದ ಚುಚ್ಚಿಕೊಂಡದ್ದರಲ್ಲಿ ಬಲವೇ ಇರಲಿಲ್ಲ." ಮನೆಯಲ್ಲಿ ಅಕ್ಕ ಅದನ್ನು ನೀರಿನ ಮಡಕೆಗಳ ನಡುವೆ ತಣ್ಣಗೇ ಇಡುತ್ತಾಳೆ. ಕೆಟ್ಟದ್ದು ದಾರಿಯಲ್ಲಿ. ಔರಾದ ಕಡೆಯ ಇನ್ನೂ ನಾಲ್ವರಿಗೆ ಸಕ್ಕರೆ ಏರಿದೆಯಂತೆ.

ಹಣಮಂತಪ್ಪನವರು ಗೌಸೋದ್ದೀನನನ್ನು ಕೆಲಸದಿಂದ ದೂರವಿಟ್ಟಿದ್ದಾರೆ. ಪೆಟ್ಟಿಗೆಯನ್ನು ಬಿಸಿಲಿನಲ್ಲಿಟ್ಟಿರಬೇಕೆಂಬ ಆರೋಪ. ಇಪ್ಪತ್ತೆಂಟರ ಸಭೆಯಲ್ಲಿ ತೆಗೆದುಹಾಕುತ್ತಾರೆ.

ವಿಶಾಖಾ ಆಸ್ಪತ್ರೆಯ ಬೆಂಚಿನ ಮೇಲೆಯೇ ಯಂತ್ರ ಬಿಚ್ಚಿ ಕುಳಿತಿದ್ದಳು. "ಎಲ್ಲಾ ಹೆಜ್ಜಿ ಸರಿ ಅವ ಮುತ್ಯಾ. ಒಂದು ಇನ್ನೊಂದಕ್ಕ ಎಲ್ಲೂ ಅಡ್ಡ ಬರೂದಿಲ್ಲ. ಪೆಟ್ಟಿಗಿ ಹತ್ತು ತಾಸು ಅಂತದ, ಅದು ಮುಚ್ಚಿಟ್ರ ಮಾತು. ನಾವು ಏಳು ಕಡಿ ತೆಗೀತೇವಿ, ಅದು ನಂದು ತಪ್ಪು." ಕಣ್ಣೊರೆಸಿಕೊಂಡಳು. "ಆದ್ರ ಹೋದ ವರ್ಷ ಮೇದಾಗೂ ಇದೇ ಪೆಟ್ಟಿಗಿ ಇತ್ತು. ಆವಾಗೂ ಹಳ್ಳಿಗೊಮ್ಮೆ ತೆಗೀತಿದ್ರು. ಆವಾಗ್ಯಾಕ ಕೆಡಲಿಲ್ಲ?"

ಅವಳನ್ನು ಇಂದು ತಿದ್ದಲಿಲ್ಲ. ನೆನಪಾಗಲಿಲ್ಲ.

೨೨ ಏಪ್ರಿಲ್

ಮಾರ್ಚ್ ಆರರ ಟಿಪ್ಪಣಿಯ ಪುಟ ತೆರೆದೆ. "ಔರಾದ, ಮರಿಯಮಬೀ, ಅರ್ಧ ತಾಸು, ಚಹಾ" ಎಂದಿದೆ. ಅದರ ಮೇಲೆ ಅಡ್ಡಗೆರೆ. ಅಳತೆಪಟ್ಟಿ ಇಟ್ಟು ಎಳೆದ ಗೆರೆ, ನನ್ನದೇ.

೨೪ ಏಪ್ರಿಲ್, ಗುರುವಾರ

ಯಾರಿಗೂ ಹೇಳದೆ ಔರಾದದ ಬಸ್ಸು ಹತ್ತಿದೆ. ಮರಿಯಮಬೀಯ ಅಂಗಡಿ ಬಸ್ ನಿಲ್ದಾಣದ ಮಗ್ಗುಲಿಗಿದೆ. ಹಿಂದೆಯೇ ಮನೆ. ಮುಂದೆ ಚಹಾದ ಒಲೆ, ಒಳಗೆ ಕುಲ್ಫಿ ಮಾರುವ ದೊಡ್ಡ ಫ್ರಿಜ್. ಅರವತ್ತರ ಹೆಂಗಸು. ಗೌಸೋದ್ದೀನನ ಹೆಸರು ಎತ್ತುತ್ತಲೇ ಸೌಟು ಕೆಳಗಿಟ್ಟಳು.

"ಎಲ್ಲಿದ್ದಾನ್ರಿ ಅಂವ? ತಿಂಗಳಾತು, ಮಾರೀನೇ ತೋರ್ಸಿಲ್ಲ. ಗಾಡಿ ಮಾತ್ರ ಭರ್ ಅಂತ ಹೋಗ್ತದ. ನಾ ಕೈ ಮಾಡ್ತೇನಿ, ಅಂವ ಕೈ ಮಾಡ್ತಾನ, ನಿಂದ್ರಂಗಿಲ್ಲ. ನನ್ನ ಮ್ಯಾಲ ಗುಸ್ಸಾ ಆಗ್ಯಾನೇನ್ರಿ?"

"ಅವನು ಇಲ್ಲಿ ಏನು ಮಾಡುತ್ತಿದ್ದ?"

"ಚಾ ಕುಡೀತಿದ್ದ."

"ಚಹಾ ಮಾತ್ರವೇ?"

ಅವಳು ನನ್ನನ್ನೊಮ್ಮೆ ನೋಡಿ ಫ್ರಿಜ್ಜಿನ ಮುಚ್ಚಳ ತೆಗೆದಳು. ಕುಲ್ಫಿಗಳ ಕೆಳಗೆ ಎಂಟು ನೀರಿನ ಬಾಟಲಿಗಳು, ಕಲ್ಲಿನಂತೆ ಹೆಪ್ಪುಗಟ್ಟಿ, ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದವು.

"ಅಂವ ಕರಗಿದ್ದು ತರ್ತಾನ, ನಾ ಬರ್ಫ್ ಆಗಿದ್ದು ಕೊಡ್ತೇನಿ. ಹಂಗೇ ಇಟ್ರ ಔಷಧ ಗಡ್ಡಿ ಕಟ್ತದಂತ, ಬಟ್ಟಿ ಸುತ್ತಿ, ಒರಸಿ, ಪೆಟ್ಟಿಗಿ ಜಮಾಸೂದಕ್ಕ ಅರ್ಧ ತಾಸು ಬೇಕರಿ. ಆರು ವರ್ಷ ಆತು. ಚಾ ಅದರಾಗೇ ಆಗ್ತದ."

"ಹೀಗೆ ಮಾಡಿರೆಂದು ಯಾರು ಹೇಳಿದ್ದರು?"

"ಯಾರು ಹೇಳಬೇಕ್ರಿ? ಬಿಸಲು ಹೇಳ್ತದ. ನನಗೂ ಸಕ್ಕರಿ ಅದ, ಆ ಪೆಟ್ಟಿಗಿದಾಗ ನಂದೂ ಒಂದು ಸೀಸಿ ಬರ್ತಿತ್ತು, ಈಗ ದವಾಖಾನಿಗಿ ಹೋಗಿ ತರ್ತೇನಿ. ಅಂವ ಬಂದಿಲ್ಲಂದ್ರೂ ಸೋಮವಾರಕ್ಕೊಮ್ಮೆ ಬಾಟ್ಲಿ ತುಂಬಿ ಇಡ್ತೇನಿ. ನಾಳಿ ಬಂದ್ರ?"

ಚಾ ಕೊಟ್ಟಳು. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು, ಅಥವಾ ನನ್ನ ಬಾಯಿ ಕೆಟ್ಟಿತ್ತು.

೨೬ ಏಪ್ರಿಲ್, ಶನಿವಾರ

ಬೆರಳು ತೆಗೆದು ಮೂರು ದಿನ. ಅಕ್ಕ ಇಂದು ದಿಂಬಿಗೆ ಒರಗಿ ಕುಳಿತಿದ್ದಳು. ಹೇಳಿದೆ. ಗೌಸೋದ್ದೀನ ಹೇಳಹೊರಟದ್ದು, ನಾನು ಕೈಯೆತ್ತಿದ್ದು, ಗೆರೆ ಎಳೆದದ್ದು, ದ್ವಾರದಲ್ಲಿ ಎರಡನೆಯ ಸಲವೂ ಅವನ ಬಾಯಿ ಮುಚ್ಚಿಸಿದ್ದು.

ಅವಳು ಕಾಲಿನ ಕಡೆ ನೋಡಲಿಲ್ಲ, ನನ್ನ ಕಡೆಯೇ ನೋಡಿದಳು.

"ನೀ ಹುಟ್ಟಿದಾಗಿಂದ ಹಂಗೇ. ಅವ್ವ ಹೊಲದಿಂದ ಬಂದು ಏನರೆ ಹೇಳ್ಲಿಕ್ಕ ಬಂದ್ರ, ಹಿಂಗಲ್ಲ ಹಂಗಂತ ಅಕಿ ಮಾತು ತಿದ್ತಿದ್ದಿ. ಏನು ಹೇಳ್ಲಿಕ್ಕ ಬಂದಿದ್ಲು ಅನ್ನೂದು ಅಕೀಗೇ ಮರೀತಿತ್ತು."

ನಮ್ಮ ಕೇರಿಯ ಮಕ್ಕಳನ್ನು ಒಳಗೆ ಕೂರಿಸದ ಸಾಲೆಯ ಹೊರಮೂಲೆಯಲ್ಲಿ ನಿಂತು ಕಲಿತ ಕನ್ನಡ ಅದು. ಒಳಗೆ ಕುಳಿತವರು ಒಂದೇ ಒಂದು ತಪ್ಪು ಹುಡುಕಲಾಗದಂತೆ ಮಾತನಾಡಬೇಕೆಂದು ಕಲಿತದ್ದು. ಅವ್ವನ ಮುಂದೆ ಅದನ್ನು ಏಕೆ ಆಡಿದೆನೋ.

"ಗೌಸ್ಯಾಗ ಹೇಳಿದ್ಯಾ?"

"ಇಲ್ಲ."

"ಮತ್ತ ನನಗ್ಯಾಕ ಹೇಳ್ತಿ? ನಂದು ಎರಡು ಬಟ್ಟು ಹೋದ್ವು, ಇನ್ನ ಎಂಟು ಅವ. ಅಂವಂದು ನೌಕ್ರಿ ಒಂದೇ ಅದ."

ಹಾಗೆಂದು ಗೋಡೆಯ ಕಡೆ ತಿರುಗಿದಳು. ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

೨೮ ಏಪ್ರಿಲ್, ಸೋಮವಾರ

ಸಭೆಗೆ ಟಿಪ್ಪಣಿಯ ಪುಸ್ತಕ ಒಯ್ದಿದ್ದೆ. ಗೌಸೋದ್ದೀನ ಬಾಗಿಲ ಬಳಿ ಗೋಡೆಗೆ ಆತು ನಿಂತಿದ್ದ. ಹಣಮಂತಪ್ಪನವರು ಅವನನ್ನು ಕೇಳಿದರು: "ಪೆಟ್ಟಿಗಿ ಬಿಸಿ ಆಗ್ಲಿಕತ್ತಂತ ಗೊತ್ತಾದ ಮ್ಯಾಲ ಯಾಕ ನಿಲ್ಲಿಸಲಿಲ್ಲ?"

"ಕಾಗದದಾಗ ಇರಲಿಲ್ರಿ. ಬೇರೆಲ್ಲೂ ನಿಲ್ಲಬಾರದಂತ ಮಾಸ್ತರ್ ಬರದಿದ್ರು."

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಒಳಿತಾಗುತ್ತಿತ್ತು.

ಎದ್ದು ನಿಂತು ಪುಟ ಓದಿದೆ. ಅವನ ಮಾತನ್ನು ಅವನಾಡಿದಂತೆಯೇ ಓದಿದೆ, ನಾನು ತಡೆದ ಜಾಗದಲ್ಲಿ ನಿಲ್ಲಿಸಿದೆ. ಬಳಿಕ ಮರಿಯಮಬೀಯ ಬಾಟಲಿಗಳ ಸಂಗತಿ ತಿಳಿಸಿದೆ. ಯಂತ್ರ ತಾನು ಕಂಡ ಹೆಜ್ಜೆಗಳನ್ನು ಸರಿಯಾಗಿಯೇ ಬೆಸೆದಿದೆ, ಆ ಹೆಜ್ಜೆ ಅದಕ್ಕೆ ಕಾಣದಂತೆ ಮಾಡಿದವನು ನಾನು ಎಂದೆ.

ಹಣಮಂತಪ್ಪನವರು ಮುಜುಗರಪಟ್ಟರು. "ಮಾಸ್ತರ್ರೀ, ನೀವು ಹಿರ್ಯಾರು. ಅಂವ ಗಟ್ಟಿ ಹೇಳಬೇಕಿತ್ತು, ಹೇಳಲಿಲ್ಲ. ಅಲ್ಲಿಗೇ ಬಿಡ್ರಿ."

"ಎರಡು ಸಲ ಹೇಳಹೊರಟ. ಎರಡು ಸಲವೂ ನಾನು ಬಾಯಿ ಮುಚ್ಚಿಸಿದೆ. ಅವನನ್ನು ತೆಗೆಯುವುದಾದರೆ ಈ ಪುಟವನ್ನೂ ನಡಾವಳಿಯಲ್ಲಿ ಸೇರಿಸಿ."

ಅವನನ್ನು ಉಳಿಸಿಕೊಂಡರು. ಇನ್ನು ಮುಂದೆ ನನ್ನ ಬರವಣಿಗೆ ಸಂಸ್ಥೆಗೆ ಬೇಡವೆಂದು ಮೆತ್ತಗೆ ಹೇಳಿದರು. ನ್ಯಾಯ. ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು ಬಂದೆ.

ಹೊರಗೆ ಗೌಸೋದ್ದೀನ ನನ್ನನ್ನು ನೋಡಿದ, ಚಪ್ಪಲಿ ಮೆಟ್ಟಿ ಹೊರಟುಹೋದ. ಕ್ಷಮೆ ಕೇಳಬೇಕೆಂದು ಸಿದ್ಧಪಡಿಸಿಕೊಂಡ ವಾಕ್ಯ ಬಾಯಲ್ಲೇ ಉಳಿಯಿತು. ಉದ್ದವಾದ, ಒಳ್ಳೆಯ ವಾಕ್ಯ. ಅವನಿಗೆ ಏನು ಉಪಯೋಗವಿತ್ತೋ.

೬ ಮೇ, ಮಂಗಳವಾರ. ಚಿಂತಾಕಿ

ವಿಶಾಖಾ ಎರಡು ಪೆಟ್ಟಿಗೆಗಳನ್ನು ಮತ್ತೆ ಬೇರೆ ಮಾಡಿದ್ದಾಳೆ. ಆದರೆ ಬರೆಯದೆ ಉಳಿದ ಹೆಜ್ಜೆಗಳು ಇನ್ನೆಷ್ಟಿವೆಯೋ ಎಂಬುದು ಅವಳ ದಿಗಿಲು. "ಯಾರರೆ ಗಾಡ್ಯಾಗ ಕುಂತು ನೋಡಬೇಕು," ಎಂದಿದ್ದಳು, ನನ್ನ ಕಡೆ ನೋಡದೆ.

ಬೆಳಗ್ಗೆ ಗಾಡಿಯ ಬಳಿ ಹೋಗಿ ನಿಂತೆ. ಬೇಡವೆನ್ನುವ ಹಕ್ಕು ಅವನಿಗಿತ್ತು. ಗೌಸೋದ್ದೀನ ಮುಂದಿನ ಆಸನದ ಮೇಲಿನ ಟವೆಲ್ ಎತ್ತಿಕೊಂಡ, ಅಷ್ಟೇ. ಭಾತಂಬ್ರಾದಲ್ಲಿ ಪೊರೆಯ ಮುದುಕಿಯೊಬ್ಬಳನ್ನು ಹತ್ತಿಸುವ ಮುನ್ನ ಅವಳ ಮೇಕೆಯನ್ನು ನೆರೆಮನೆಗೆ ಕಟ್ಟಿ ಬಂದ. ಇಲ್ಲದಿದ್ದರೆ ಅವಳು ಗಾಡಿ ಹತ್ತುವುದಿಲ್ಲ. ಅದನ್ನೂ ಬರೆದುಕೊಂಡೆ.

ಔರಾದದಲ್ಲಿ ಗಾಡಿ ನಿಂತಿತು. ಮರಿಯಮಬೀ ಅವನಿಗೆ ಬೈಯುತ್ತಲೇ ಬರ್ಫಿನ ಬಾಟಲಿ ತಂದಳು: "ಬಂದ್ಯಾ ಬಾದಶಾ? ರಸ್ತಾ ಮರ್ತಿದ್ದಿ ಅಂತ ಮಾಡಿದ್ದೆ." ಅವನು ನಕ್ಕ. ಈ ಎರಡು ತಿಂಗಳಲ್ಲಿ ನಾನು ಅವನ ನಗು ಕಂಡದ್ದು ಇದೇ ಮೊದಲು. ಬಟ್ಟೆ ಸುತ್ತಿ, ಒರಸಿ, ಒಂದೊಂದಾಗಿ ಪೆಟ್ಟಿಗೆಗೆ ಜಮಾಯಿಸಿದ. ನಾನು ಕರಗಿದ ಬಾಟಲಿಗಳನ್ನು ಒಳಗೊಯ್ದು ಕೊಟ್ಟೆ. ಬಳಿಕ ಗಾಡಿಯಲ್ಲಿದ್ದ ಮುದುಕಿಗೂ ನಮ್ಮ ಮೂವರಿಗೂ ಚಾ.

"ಮಾಸ್ತರ್ರೀ," ಎಂದ ಬಟ್ಟಲು ನೋಡುತ್ತಾ. "ಚಾ ಅಂದ್ರ ಬರೇ ಚಾ ಅಲ್ರಿ. ಅಲ್ಲೇನಿರ್ತದಂದ್ರ..."

ಅಲ್ಲಿಗೆ ನಿಲ್ಲಿಸಿ ನನ್ನ ಬಲಗೈಯನ್ನು ನೋಡಿದ. ಅದು ಪುಸ್ತಕದ ಮೇಲೆ ಬಿದ್ದಿತ್ತು. ಎತ್ತಲಿಲ್ಲ.

ಮುಂದುವರಿಸಿದ. ಸಂತೆಯಿಂದ ಬರುವವರು ಈ ಅಂಗಡಿಯಲ್ಲೇ ಹೇಳುತ್ತಾರಂತೆ, ಯಾರ ಮನೆಗೆ ಬೀಗ ಬಿದ್ದಿದೆ, ಯಾರ ಸೀಸೆ ಒಡೆದಿದೆ, ಯಾರು ಮಗಳ ಊರಿಗೆ ಹೋಗಿದ್ದಾರೆಂದು. ಯಾವ ಅಜ್ಜನಿಗೆ ಸಿರಿಂಜಿನ ಗೆರೆ ಕಾಣುವುದಿಲ್ಲ, ಯಾವ ಅಜ್ಜಿ ನೋವಿಗಂಜಿ ಚುಚ್ಚಿಕೊಂಡೆನೆಂದು ಸುಳ್ಳು ಹೇಳುತ್ತಾಳೆ, ಎಲ್ಲವೂ ಅವನಿಗೆ ಗೊತ್ತು. ಗಾಡಿ ಹತ್ತಿದ ಮೇಲೂ ಹೇಳುತ್ತಲೇ ಬಂದ. ಅಕ್ಷರ ಕುಣಿಯುತ್ತಿದ್ದರೂ ಬರೆದೆ. ಹನ್ನೊಂದು ಪುಟ ತುಂಬಿದವು. ಚಿಂತಾಕಿಯಲ್ಲಿ ಗಾಡಿ ನಿಂತಾಗಲೂ ಅವನ ಮಾತು ಮುಗಿದಿರಲಿಲ್ಲ. ಮುಗಿಯುವವರೆಗೆ ಕುಳಿತೇ ಇದ್ದೆ.

ಪಡಸಾಲೆಯ ಮಂಚದ ಮೇಲೆ ಅಕ್ಕ ಕಾಲಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಯಿತು. ಅಂದು ಗೋಡೆಗೆ ತಿರುಗಿದ ಮೇಲೆ ನನ್ನೊಡನೆ ಸರಿಯಾಗಿ ಮಾತನಾಡಿಲ್ಲ. ಇಂದೂ ಮೊದಲು ಗೌಸೋದ್ದೀನನನ್ನೇ ಕೇಳಿದಳು, "ಕುಂಡ್ರತಿಯೋ, ಇಲ್ಲಾ ಓಡ್ತಿಯೋ?" ಅವನು ಕುಳಿತ.

ಪೆಟ್ಟಿಗೆ ತೆರೆದು ಸೀಸೆಯನ್ನು ನಾನೇ ಅವಳ ಅಂಗೈಯಲ್ಲಿಟ್ಟೆ. ಬೆರಳು ಮಡಚಿ ಹಿಡಿದಳು, ಕೆನ್ನೆಗೆ ಒತ್ತಿಕೊಂಡಳು, ಕಣ್ಣು ಮುಚ್ಚಿದಳು.

"ಥಂಡ ಅದ," ಎಂದಳು.